ಬಿಂದಿಗೆ ಕೂರುವ ಮೂಳೆ

ಬೆಳಗ್ಗೆ ಹಾಲನ್ನು ಒಲೆಯ ಮೇಲಿಟ್ಟು ಅದು ಉಕ್ಕಿ ಬರುವವರೆಗೆ ಕಾಯುವ ಐದಾರು ನಿಮಿಷಗಳೇ ಕೆಲವು ವರ್ಷಗಳಿಂದ ನನ್ನ ನೃತ್ಯಾಭ್ಯಾಸದ ಮೊದಲ ಹೊತ್ತು. ಅಡುಗೆಮನೆಯ ಕಟ್ಟೆಯಿಂದ ಒಂದು ಮೊಳ ದೂರದಲ್ಲಿ ಬರಿಗಾಲಲ್ಲಿ ನಿಂತು, ಅಂಚಿನವರೆಗೆ ನೀರು ತುಂಬಿದ ಸ್ಟೀಲ್ ಲೋಟವನ್ನು ಎದೆಯ ಮಟ್ಟಕ್ಕೆ ಹಿಡಿದು, ಮೊಣಕಾಲುಗಳನ್ನು ಒಂದಾದ ಮೇಲೊಂದರಂತೆ ಸಡಿಲಿಸುತ್ತ ನೆಟ್ಟಗಾಗಿಸುತ್ತ ಸೊಂಟವನ್ನು ಅಲುಗಿಸುತ್ತೇನೆ. ಬೆಲ್ಲಿ ಡ್ಯಾನ್ಸ್ ಕಲಿಯುವವರು ಇದನ್ನು ಶಿಮ್ಮಿ ಎನ್ನುತ್ತಾರೆ. ಸೊಂಟ ಅಲುಗಬೇಕು, ಲೋಟದ ನೀರು ಅಲುಗಬಾರದು; ನಿಯಮ ಇಷ್ಟೇ. ಮೊದಮೊದಲು ನನ್ನ ನೈಟಿಯ ಮುಂಭಾಗವೆಲ್ಲ ಒದ್ದೆಯಾಗುತ್ತಿತ್ತು. ಈಗ ನೀರಿನ ಮೇಲೆ ಸಣ್ಣ ಉಂಗುರಗಳು ಮಾತ್ರ ಏಳುತ್ತವೆ. ಅವು ಎದ್ದಾಗ ನನ್ನ ಬಲಭುಜ ಯಾವಾಗಲೋ ಬಿಗಿದುಕೊಂಡಿದೆ ಎಂದು ತಿಳಿದು ಅದನ್ನು ಕೆಳಗಿಳಿಸುತ್ತೇನೆ.

ನಾನು ತುಮಕೂರಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು, ಅಂದರೆ ದಿನಕ್ಕೆ ಏಳು ಗಂಟೆ ಕುರ್ಚಿಗೆ ಅಂಟಿಕೊಂಡಿರುವವಳು. 2020ರ ಲಾಕ್‌ಡೌನ್ ದಿನಗಳಲ್ಲಿ ಮಗಳ ಜೊತೆ ಮೊಬೈಲ್ ನೋಡಿಕೊಂಡು ತಮಾಷೆಗೆಂದು ಶುರು ಮಾಡಿದ್ದನ್ನು ಮಗಳು ಎರಡೇ ವಾರಕ್ಕೆ ಬಿಟ್ಟಳು, ನಾನು ಬಿಡಲಿಲ್ಲ. ಆದರೆ ಬಾಗಿಲು ಹಾಕಿಕೊಂಡು ದಿನಾ ಒಂದು ಗಂಟೆ ಕುಣಿಯುವಷ್ಟು ಬಿಡುವು, ಎಪ್ಪತ್ತು ದಾಟಿದ ಅತ್ತೆ, ಪಿಯುಸಿ ಓದುವ ಮಗಳು ಮತ್ತು ಎಂಟೂವರೆಗೆ ಡಬ್ಬಿ ಕಟ್ಟಿಸಿಕೊಂಡು ಹೊರಡುವ ಗಂಡ ಇರುವ ಮನೆಯಲ್ಲಿ ಸಿಗುವುದಿಲ್ಲ. ಹೀಗಾಗಿ ಅಭ್ಯಾಸವು ಮನೆಗೆಲಸದ ಸಂದಿಗೊಂದಿಗಳಲ್ಲೇ ಜಾಗ ಹುಡುಕಿಕೊಳ್ಳಬೇಕಾಯಿತು. ಅದು ಹೇಗೆ ಹುಡುಕಿಕೊಂಡಿತು, ಎಲ್ಲಿ ಎಡವಿತು ಎಂಬುದನ್ನು ಬರೆದಿಡಬೇಕೆನಿಸಿದೆ.

ಮೊದಲು ಹೆಸರಿನ ವಿಷಯವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆ ಈ ಹೆಸರು ಕೇಳಿದೊಡನೆ ಜನ ಸಿನಿಮಾದ ಐಟಂ ಹಾಡನ್ನು ನೆನೆದು ಮುಖ ಬೇರೆ ಕಡೆ ತಿರುಗಿಸುತ್ತಾರೆ. ಬೆಲ್ಲಿ ಡ್ಯಾನ್ಸ್ ಎಂಬುದು ಹೊರಗಿನವರು ಇಟ್ಟ ಹೆಸರು. ಫ್ರೆಂಚರು ಹೊಟ್ಟೆಯ ನೃತ್ಯ ಎಂದು ಕರೆದದ್ದು ಇಂಗ್ಲಿಷಿಗೆ ಬಂದು, 1893ರ ಶಿಕಾಗೋ ವಿಶ್ವಮೇಳದ ಕೈರೋ ಬೀದಿಯ ಪ್ರದರ್ಶನದಿಂದ ಅಮೆರಿಕದಲ್ಲಿ ಮನೆಮಾತಾಯಿತು. ಅದೇ ಮೇಳದ ಜೊತೆಗೆ ನಡೆದ ಸರ್ವಧರ್ಮ ಸಮ್ಮೇಳನದಲ್ಲಿಯೇ ಸ್ವಾಮಿ ವಿವೇಕಾನಂದರು ಮಾತನಾಡಿದ್ದು ಎಂದು ನಮ್ಮ ಕಚೇರಿಯ ಹಿರಿಯರೊಬ್ಬರಿಗೆ ಹೇಳಿದಾಗ ಅವರು ಅದನ್ನು ನಂಬಲು ಒಂದು ದಿನ ತೆಗೆದುಕೊಂಡರು. ಅರಬ್ಬಿಯಲ್ಲಿ ವೇದಿಕೆಯ ಮೇಲಿನ ರೂಪಕ್ಕೆ ರಕ್ಸ್ ಶರ್ಕಿ, ಅಂದರೆ ಪೂರ್ವದೇಶದ ನೃತ್ಯ ಎನ್ನುತ್ತಾರೆ. 1926ರಲ್ಲಿ ಬದಿಯಾ ಮಸಬ್ನಿ ಎಂಬಾಕೆ ಕೈರೋದಲ್ಲಿ ತೆರೆದ ರಂಜನಾಗೃಹದಲ್ಲಿ ಈ ರೂಪ ಬೆಳೆಯಿತು; ಮುಂದೆ ಸಿನಿಮಾದಲ್ಲಿ ಹೆಸರಾದ ಸಾಮಿಯಾ ಗಮಾಲ್ ಮತ್ತು ತಾಹಿಯಾ ಕಾರಿಯೋಕಾ ಅಲ್ಲಿಂದಲೇ ಬಂದವರು. ಮನೆಗಳಲ್ಲಿ, ಮದುವೆಗಳಲ್ಲಿ ಹೆಂಗಸರು ನಿಂತ ಜಾಗದಲ್ಲೇ ಕುಣಿಯುವ ರೂಪಕ್ಕೆ ಹೆಸರು ರಕ್ಸ್ ಬಲದಿ. ಬಲದಿ ಎಂದರೆ ಊರಿನದು, ನೆಲದ್ದು. ಈಜಿಪ್ಟಿನವರು ತಮ್ಮ ದಿನನಿತ್ಯದ ರೊಟ್ಟಿಗೂ ಬಲದಿ ಎಂಬ ಮಾತನ್ನೇ ಸೇರಿಸುತ್ತಾರೆ. ನಾವು ನಾಟಿ ಕೋಳಿ, ನಾಟಿ ಟೊಮೆಟೊ ಎನ್ನುವುದಿಲ್ಲವೆ, ಹಾಗೆ ಇದು ನಾಟಿ ನೃತ್ಯ. ಈ ಒಂದು ಪದ ಅರ್ಥವಾದ ಮೇಲೆ ಅಡುಗೆಮನೆಯಲ್ಲಿ ಅಭ್ಯಾಸ ಮಾಡುವುದರ ಬಗ್ಗೆ ನನಗಿದ್ದ ಸಂಕೋಚ ಹೋಯಿತು. ಅದು ಅಲ್ಲಿಯದೇ.

ಹೆಸರಿಗಿಂತ ಹೆಚ್ಚು ತೊಂದರೆ ಕೊಟ್ಟದ್ದು ಕನ್ನಡದ ಸೊಂಟ ಎಂಬ ಪದ. ನಾವು ಸೊಂಟಕ್ಕೆ ಡಾಬು ಕಟ್ಟಿಕೊಳ್ಳುತ್ತೇವೆ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುತ್ತೇವೆ, ಬಗ್ಗಿ ನೆಲ ಒರೆಸಿದ ಮೇಲೆ ಸೊಂಟ ನೋವು ಎನ್ನುತ್ತೇವೆ. ಡಾಬು ಕೂರುವುದು ನಡುವಿನಲ್ಲಿ, ಮಗು ಕೂರುವುದು ಪಕ್ಕದ ಮೂಳೆಯ ಮೇಲೆ, ನೋಯುವುದು ಬೆನ್ನಿನ ಕೆಳಭಾಗ. ಮೂರಕ್ಕೂ ಒಂದೇ ಪದ. ವಿಡಿಯೊದಲ್ಲಿ ಕಲಿಸುವಾಕೆ ಹಿಪ್ ಎಂದಾಗಲೆಲ್ಲ ನಾನು ಸೊಂಟ ಎಂದುಕೊಂಡೆ, ಸೊಂಟ ಎಂದುಕೊಂಡಾಗಲೆಲ್ಲ ನೋಯುವ ಜಾಗ ನೆನಪಿಗೆ ಬಂದು ಬೆನ್ನಿನ ಕೆಳಭಾಗವನ್ನೇ ತಿರುಚಿದೆ. ವೃತ್ತ ಬರೆಯಬೇಕೆಂದರೆ ಬೆನ್ನಿನಿಂದ, ಅಲೆ ಎಬ್ಬಿಸಬೇಕೆಂದರೆ ಬೆನ್ನಿನಿಂದ. ಇನ್ನಷ್ಟು ಚೆನ್ನಾಗಿ ಕಾಣಲೆಂದು ಹಿಂದಕ್ಕೆ ಬಾಗಿ ಹೊಟ್ಟೆ ಮುಂದೆ ತಳ್ಳುವುದೂ ಸೇರಿಕೊಂಡಿತು. 2021ರ ಮಳೆಗಾಲದ ಒಂದು ಬೆಳಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕಾಯಿತು. ಅತ್ತೆ ಹರಳೆಣ್ಣೆ ಬಿಸಿ ಮಾಡಿ ತಂದರು. ಕಾರಣ ಕೇಳಿದರೆ ಏನು ಹೇಳುವುದೆಂದು ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ.

ಫಿಜಿಯೊಥೆರಪಿ ಮಾಡಿದಾಕೆಗೆ ಮಾತ್ರ ನಿಜ ಹೇಳಿದೆ. ಆಕೆ ನಗಲಿಲ್ಲ. ಬೆನ್ನುಮೂಳೆಯ ಪ್ಲಾಸ್ಟಿಕ್ ಮಾದರಿಯನ್ನು ಮೇಜಿನ ಮೇಲಿಟ್ಟು, ಕೆಳಬೆನ್ನಿನ ಐದು ಕಶೇರುಗಳು ಮುಂದಕ್ಕೂ ಹಿಂದಕ್ಕೂ ಬಾಗುವಷ್ಟು ಸುಲಭವಾಗಿ ಪಕ್ಕಕ್ಕೆ ತಿರುಗುವುದಿಲ್ಲವೆಂದೂ, ತಿರುಗುವ ಕೆಲಸದ ಬಹುಪಾಲನ್ನು ಪಕ್ಕೆಲುಬುಗಳಿಗೆ ಸೇರಿಕೊಂಡ ಮೇಲಿನ ಹನ್ನೆರಡು ಕಶೇರುಗಳೂ ತೊಡೆಯ ಕೀಲುಗಳೂ ಮಾಡುತ್ತವೆಂದೂ ತೋರಿಸಿದರು. ನಾನು ತಿರುಗದ ಜಾಗವನ್ನೇ ತಿರುಗಿಸಲು ಹೋಗಿದ್ದೆ. ಬಳಿಕ ನನ್ನ ಎರಡು ಪಕ್ಕಗಳಲ್ಲಿ ಬೆರಳೊತ್ತಿ, ಅಲ್ಲಿ ಏಣಿನಂತೆ ಸಿಗುವ ಮೂಳೆಯ ಅಂಚನ್ನು ಮುಟ್ಟಿಸಿ, ಅಲುಗಬೇಕಾದದ್ದು ಇದು, ಬೆನ್ನಲ್ಲ, ಎಂದರು. ಅದಕ್ಕೆ ಇಲಿಯಾಕ್ ಕ್ರೆಸ್ಟ್ ಎಂದು ಹೆಸರು. ಹೆಸರು ಕೇಳಿದೆ, ಬಸ್ಸಿನಲ್ಲಿ ಮನೆ ತಲುಪುವಷ್ಟರಲ್ಲಿ ಮರೆತೆ.

ಮರೆಯದ ಹೆಸರು ಕೊಟ್ಟವರು ಅತ್ತೆ. ಮನೆಯಲ್ಲಿ ಕುಳಿತು ನಾನು ಆ ಅಂಚನ್ನು ಬೆರಳಿನಿಂದ ಹುಡುಕುತ್ತಿದ್ದಾಗ ಅವರು, "ಏನ್ ಹುಡುಕ್ತಿದೀಯಮ್ಮ, ಬಿಂದಿಗೆ ಕೂರೋ ಮೂಳೇನಾ?" ಎಂದು ಕೇಳಿದರು. ಅವರು ಮಧುಗಿರಿ ತಾಲ್ಲೂಕಿನ ಹಳ್ಳಿಯವರು. ಮದುವೆಯಾಗಿ ಇಪ್ಪತ್ತು ವರ್ಷ ಊರಾಚೆಯ ಬಾವಿಯಿಂದ ನೀರು ಹೊತ್ತವರು. ತಲೆಯ ಮೇಲೆ ಸಿಂಬೆ, ಅದರ ಮೇಲೊಂದು ಬಿಂದಿಗೆ, ಎಡಸೊಂಟದಲ್ಲಿ ಇನ್ನೊಂದು, ಬಲಗೈಯಲ್ಲಿ ಹಗ್ಗ. ತೋರಿಸಿ ಎಂದು ಕೇಳಿಕೊಂಡೆ. ಪ್ಲಾಸ್ಟಿಕ್ ಕೊಡದಲ್ಲಿ ಅರ್ಧ ನೀರು ತುಂಬಿ ಕೊಟ್ಟೆ. ಅವರು ಅದನ್ನು ಎತ್ತುವ ಮೊದಲೇ, ಕೊಡ ಇನ್ನೂ ಗಾಳಿಯಲ್ಲಿರುವಾಗಲೇ, ಅವರ ಎಡಪಕ್ಕದ ಮೂಳೆ ತಾನಾಗಿ ಮೇಲೆದ್ದು ಹೊರಗೆ ಸರಿದು ಕೊಡಕ್ಕೆ ಮಣೆ ಹಾಕಿದಂತೆ ನಿಂತಿತು. ತಲೆ ಒಂದು ಕೂದಲಿನಷ್ಟೂ ಓಲಲಿಲ್ಲ. ನಡೆಯುವಾಗ ಕೆಳಗೆ ಸೊಂಟ ಆಡುತ್ತಿದ್ದರೂ ಮೇಲೆ ಭುಜ ಸುಮ್ಮನಿತ್ತು. ನೀರು ಹೊರುವುದು ನೃತ್ಯ ಎಂದು ನಾನು ಹೇಳುತ್ತಿಲ್ಲ. ಆ ಇಪ್ಪತ್ತು ವರ್ಷಗಳ ಭಾರ ಅವರ ಮಂಡಿಗಳಲ್ಲಿ ಈಗಲೂ ಇದೆ. ಆದರೆ ತರಗತಿಯಲ್ಲಿ ಐಸೊಲೇಷನ್ ಎಂದು ಕಲಿಸುವುದು, ಅಂದರೆ ಒಂದು ಅಂಗ ಕೆಲಸ ಮಾಡುವಾಗ ಮಿಕ್ಕವು ಸುಮ್ಮನಿರುವುದು, ಅವರ ಮೈಗೆ ಕಲಿಸದೆಯೇ ಬಂದಿತ್ತು. ಅಂದಿನಿಂದ ಯಾರು ಹಿಪ್ ಎಂದರೂ ನಾನು ಮನಸ್ಸಿನಲ್ಲಿ ಬಿಂದಿಗೆ ಕೂರುವ ಮೂಳೆ ಎಂದೇ ಅನುವಾದ ಮಾಡಿಕೊಳ್ಳುತ್ತೇನೆ. ಬೆನ್ನು ನೋವು ಮತ್ತೆ ಬಂದಿಲ್ಲ.

ಈ ನೃತ್ಯದಲ್ಲಿ ಅಲುಗಿಸುವುದಕ್ಕಿಂತ ಅಲುಗದಂತೆ ಇಟ್ಟುಕೊಳ್ಳುವುದು ಕಷ್ಟ ಎಂಬುದು ಹೀಗೆ ತಿಳಿದ ಮೇಲೆ, ಮನೆಗೆಲಸದಲ್ಲಿ ಅದಕ್ಕೆ ಬೇಕಾದ ತಕ್ಕಡಿಗಳು ಎಲ್ಲೆಲ್ಲೂ ಸಿಗತೊಡಗಿದವು. ಲೋಟದ ನೀರು ಒಂದು ತಕ್ಕಡಿ. ಶಿಮ್ಮಿಯಲ್ಲಿ ಪಾದಗಳು ಪೂರ್ತಿ ನೆಲಕ್ಕಂಟಿರಬೇಕು, ಮಂಡಿಗಳು ಎಂದೂ ಹಿಂದಕ್ಕೆ ಸೆಟೆದು ಬೀಗ ಹಾಕಿಕೊಳ್ಳಬಾರದು, ತೊಡೆಗಳು ಸಡಿಲವಾಗಿರಬೇಕು. ಬಲ ಮಂಡಿ ನೆಟ್ಟಗಾದಾಗ ಬಲಪಕ್ಕ ಮೇಲೇಳುತ್ತದೆ, ಎಡ ಮಂಡಿ ನೆಟ್ಟಗಾದಾಗ ಎಡಪಕ್ಕ. ಸೊಂಟವನ್ನು ಬೇರೆಯಾಗಿ ಅಲುಗಿಸುವ ಅಗತ್ಯವೇ ಇಲ್ಲ. ವೇಗ ಬೇಕೆಂದು ತೊಡೆ ಬಿಗಿದರೆ ಅರ್ಧ ನಿಮಿಷದಲ್ಲಿ ಸುಸ್ತಾಗುತ್ತದೆ, ಅಲುಗಾಟ ಕುಗ್ಗಿ ನಡುಕವಾಗುತ್ತದೆ. ನಾನು ನಾಲ್ಕು ಎಣಿಕೆಗೆ ಒಂದೊಂದು ಏಟು, ಮುಂದಿನ ನಾಲ್ಕಕ್ಕೆ ಎರಡೆರಡು, ಆಮೇಲಿನ ನಾಲ್ಕಕ್ಕೆ ನಾಲ್ಕು ನಾಲ್ಕು ಎಂದು ಏರಿಸುತ್ತೇನೆ. ಸಂಗೀತ ಕಲಿತವರು ಒಂದು, ಎರಡು, ಮೂರನೆಯ ಕಾಲದಲ್ಲಿ ಸರಳೆ ವರಸೆ ಹಾಡುವ ಹಾಗೆ. ಮೂರನೆಯ ಕಾಲದಲ್ಲಿ ಕೆಡುವುದೆಲ್ಲ ಮೊದಲನೆಯ ಕಾಲದಲ್ಲಿ ಸರಿಯಾಗಿರಲಿಲ್ಲ ಎಂಬುದು ನನ್ನ ಅನುಭವ.

ಏಟುಗಳು ಸಮನಾಗಿವೆಯೇ ಎಂದು ತಿಳಿಯಲು ಕಿವಿ ಬೇಕು. ನಾಣ್ಯಗಳನ್ನು ಹೊಲಿದ ಸೊಂಟಪಟ್ಟಿಯೊಂದನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಮೂರನೆಯ ದಿನವೇ ನಾಣ್ಯಗಳು ಉದುರಿ ಅಡುಗೆಮನೆಯ ಮೂಲೆಮೂಲೆ ಸೇರಿದವು, ಒಂದು ಬೇಳೆ ಡಬ್ಬದಲ್ಲೂ ಸಿಕ್ಕಿತು. ಆಮೇಲೆ ಅತ್ತೆಯ ಬೀಗದ ಕೈ ಗೊಂಚಲನ್ನು ಸೀರೆಯ ಸೊಂಟಕ್ಕೆ, ಪಕ್ಕದಲ್ಲಿ, ಸಿಕ್ಕಿಸಿಕೊಳ್ಳತೊಡಗಿದೆ. ಹನ್ನೊಂದು ಕೀಲಿಗಳ ಹಳೆಯ ಹಿತ್ತಾಳೆ ಗೊಂಚಲು ಅದು, ಅರ್ಧದಷ್ಟು ಬೀಗಗಳು ಈಗ ಎಲ್ಲಿವೆಯೆಂದು ಅವರಿಗೂ ಗೊತ್ತಿಲ್ಲ. ಅದರಿಂದ ಝಣ್ ಝಣ್ ಎಂದು ಒಂದೇ ಅಂತರದ ಸದ್ದು ಬಂದರೆ ಶಿಮ್ಮಿ ಸಮವಾಗಿದೆ. ಝಣ್‌ಝ್, ಝಣ್‌ಝ್ ಎಂದು ಕುಂಟಿದರೆ ಎಡಗಾಲು ಹಿಂದೆ ಬಿದ್ದಿದೆ. ಅತ್ತೆ ಮೊದಮೊದಲು ಪಡಸಾಲೆಯಿಂದಲೇ, "ಆ ಬೀಗದ ಕೈ ಯಾಕ್ ಹಂಗ್ ಬಡ್ಕೊಳ್ತಾವೆ, ಮನೇಲಿ ಜಗಳ ಆಗುತ್ತೆ ಕಣಮ್ಮ" ಎಂದು ಗೊಣಗುತ್ತಿದ್ದರು.

ಪಾತ್ರೆ ತೊಳೆಯುವ ಹೊತ್ತು ಹಿಪ್ ಡ್ರಾಪ್‌ಗೆ ಮೀಸಲು. ಭಾರವನ್ನೆಲ್ಲ ಒಂದು ಕಾಲಿಗೆ ಕೊಟ್ಟು, ಇನ್ನೊಂದು ಕಾಲಿನ ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ನಿಲ್ಲಿಸಿ, ಆ ಪಕ್ಕದ ಮೂಳೆಯನ್ನು ಮೇಲಕ್ಕೆತ್ತಿ ಥಟ್ಟನೆ ಬಿಡುವುದು. ಎತ್ತುವುದು ನಿಧಾನ, ಬಿಡುವುದು ಒಮ್ಮೆಗೆ. ಅಂದ ಇರುವುದು ಬಿಟ್ಟ ಮೇಲೆ ಅಲ್ಲೇ ನಿಲ್ಲುವುದರಲ್ಲಿ. ಹೊಸಬರಲ್ಲಿ ಸಾಮಾನ್ಯವಾಗಿ ಇಡೀ ಮೈ ಭಾರ ಹೊತ್ತ ಕಾಲಿನ ಕಡೆ ವಾಲಿ ಗಡಿಯಾರದ ಲೋಲಕದಂತೆ ಆಡುತ್ತದೆ. ಸಿಂಕಿನ ಅಂಚು ಇಲ್ಲಿ ನನಗೆ ನೆರವಾಗುತ್ತದೆ: ಹೊಟ್ಟೆಗೂ ಅಂಚಿಗೂ ನಡುವೆ ನಾಲ್ಕು ಬೆರಳಿನ ಅಂತರ ಇಟ್ಟುಕೊಂಡರೆ, ಮೈ ಮುಂದಕ್ಕೆ ವಾಲಿದ ಕೂಡಲೇ ಸೀರೆ ಒದ್ದೆಯಾಗಿ ಗೊತ್ತಾಗುತ್ತದೆ. ನನ್ನ ಬಲಪಕ್ಕ ಚುರುಕು, ಎಡಪಕ್ಕ ಮಂಕು. ಹೀಗಾಗಿ ದೊಡ್ಡ ಪಾತ್ರೆಗಳೆಲ್ಲ ಎಡಕ್ಕೆ, ಚಮಚ ಲೋಟಗಳು ಬಲಕ್ಕೆ. ಹಿಂದಿನ ರಾತ್ರಿಯ ಸಾರಿನ ಪಾತ್ರೆ ತಳ ಹಿಡಿದಿದ್ದರೆ ಎಡಪಕ್ಕಕ್ಕೆ ಅಂದು ಒಳ್ಳೆಯ ಸಾಧನೆ.

ಫಿಗರ್ ಎಯ್ಟ್ ಎಂಬ ಚಲನೆಗೆ ಎಂಟಂಕಿ ಬರೆಯುವುದು ಎಂದು ನಾನೇ ಮಗಳಿಗೆ ವಿವರಿಸಿ ಮುಜುಗರಕ್ಕೆ ಸಿಕ್ಕಿದ್ದೆ. ಅವಳು ನಿಂತು ಕನ್ನಡದ ೮ ಬರೆದು, ಇದು ಅರ್ಧಕ್ಕೇ ಮುಗಿಯಿತಲ್ಲ ಎಂದಳು. ಬರೆಯಬೇಕಾದದ್ದು ಮಲಗಿಸಿದ 8. ಒಂದು ಪಕ್ಕದ ಮೂಳೆ ಮುಂದೆ ಬಂದು, ಹೊರಗೆ ಸರಿದು, ಹಿಂದೆ ಹೋಗಿ, ನಡುವನ್ನು ದಾಟುವಾಗ ಇನ್ನೊಂದು ಪಕ್ಕ ಅದೇ ದಾರಿಯನ್ನು ಹಿಡಿಯುತ್ತದೆ. ಇದೇ 8 ಅನ್ನು ಗೋಡೆಯ ಮೇಲೆ ಬರೆದಂತೆ ಮೇಲೆದ್ದು, ಹೊರಗೆ ಸರಿದು, ಕೆಳಗಿಳಿದು, ಒಳಗೆ ಬರುವಂತೆ ಮಾಡಿದರೆ ಅದಕ್ಕೆ ಮಾಯಾ ಎಂಬ ಹೆಸರಿದೆ. ಬಸ್ಸಿಗೆ ಕಾಯುವಾಗ ಈ ಎರಡನ್ನೂ ಯಾರ ಕಣ್ಣಿಗೂ ಬೀಳದಷ್ಟು ಚಿಕ್ಕದಾಗಿ ಮಾಡಬಹುದು. ಚಿಕ್ಕದಾಗಿ ಮಾಡುವುದೇ ಹೆಚ್ಚು ಕಷ್ಟ, ಹೆಚ್ಚು ಉಪಯುಕ್ತ ಕೂಡ. ಇಲ್ಲಿ ತಕ್ಕಡಿಯಾಗಿ ಸಿಗುವುದು ಒಳಲಂಗದ ಲಾಡಿ. ಅದು ಮೈಯನ್ನು ಸುತ್ತಿ ಕಟ್ಟಿದ ಗೆರೆ. ಮಲಗಿಸಿದ 8ರಲ್ಲಿ ಆ ಗೆರೆ ನೆಲಕ್ಕೆ ಸಮವಾಗಿಯೇ ಜಾರಬೇಕು, ಮಾಯಾದಲ್ಲಿ ಓರೆಯಾಗಬೇಕು. ಲಾಡಿ ಎಲ್ಲಿ ಒತ್ತುತ್ತಿದೆ ಎಂಬುದನ್ನು ಗಮನಿಸಿದರೆ ಕನ್ನಡಿಯ ಹಂಗಿಲ್ಲದೆ ಯಾವುದು ನಡೆಯುತ್ತಿದೆ ಎಂದು ತಿಳಿಯುತ್ತದೆ. ನೆರಿಗೆಗಳೂ ಹೇಳುತ್ತವೆ, ಆದರೆ ಅವು ಎದುರಿಗಿರುವವರಿಗೂ ಹೇಳಿಬಿಡುತ್ತವೆ.

ಹಿಟ್ಟು ತೊಳಸುವುದು ಇದಕ್ಕೆ ತೀರ ವಿರುದ್ಧವಾದ ಅಭ್ಯಾಸ. ಎಸರು ಕುದಿದು ರಾಗಿ ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ಹಿಟ್ಟಿನ ಕೋಲಿನಿಂದ ಗಂಟಿಲ್ಲದಂತೆ ತಿರುವುವಾಗ ಭುಜ, ಬೆನ್ನಿನ ಮೇಲ್ಭಾಗ, ತೋಳು ಪೂರ್ತಿ ದುಡಿಯುತ್ತವೆ. ಆಗ ಬಿಂದಿಗೆ ಕೂರುವ ಮೂಳೆಗಳೆರಡನ್ನೂ ಅಲುಗದಂತೆ ನಿಲ್ಲಿಸುವುದು ನನ್ನ ಪಾಠ. ಹೊಟ್ಟೆಯ ಒಳಪದರದ ಸ್ನಾಯುವೊಂದು ನಡುಪಟ್ಟಿಯಂತೆ ಸುತ್ತಿಕೊಂಡಿರುತ್ತದೆ. ಹೊಕ್ಕುಳನ್ನು ಸ್ವಲ್ಪವೇ ಒಳಗೆ ಸೆಳೆದುಕೊಂಡು ಉಸಿರಾಟ ನಿಲ್ಲಿಸದೆ ಇದ್ದರೆ ಅದು ಕೆಲಸ ಮಾಡುವುದು ತಿಳಿಯುತ್ತದೆ, ಕೆಳಬೆನ್ನಿಗೆ ಭಾರ ಬೀಳುವುದು ತಪ್ಪುತ್ತದೆ. ನಾಲ್ಕು ಜನರ ಮುದ್ದೆಗೆ ಹಿಟ್ಟು ತೊಳಸುವಷ್ಟರಲ್ಲಿ ಹಣೆಯಲ್ಲಿ ಬೆವರು ಬರುತ್ತದೆ. ಬೆಲ್ಲಿ ಡ್ಯಾನ್ಸ್‌ನಿಂದ ಹೊಟ್ಟೆ ಕರಗುತ್ತದೆಯೇ ಎಂದು ಕೇಳುವ ಗೆಳತಿಯರಿಗೆ ಮುದ್ದೆ ತೊಳಸಿ ಎಂದು ಹೇಳಿ ಸಾಗಹಾಕುತ್ತೇನೆ.

ಕಚೇರಿಯ ಕುರ್ಚಿಯನ್ನು ನಾನು ಬಹಳ ದಿನ ಶತ್ರುವೆಂದೇ ತಿಳಿದಿದ್ದೆ. ನಾನು ತರಗತಿಗೆ ಹೋಗುವ ಬೆಂಗಳೂರಿನ ನೃತ್ಯಶಿಕ್ಷಕಿ ಹೇಳಿದ ಒಂದು ಮಾತಿನಿಂದ ಅದು ಬದಲಾಯಿತು: ಎದೆಯ ಚಲನೆಗಳನ್ನು ಕುಳಿತೇ ಕಲಿಯಬೇಕು, ಏಕೆಂದರೆ ಕುಳಿತಾಗ ಸೊಂಟಕ್ಕೆ ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ. ನಿಂತು ಪಕ್ಕೆಲುಬಿನ ಗೂಡನ್ನು ಬಲಕ್ಕೆ ಸರಿಸಿದರೆ ಸೊಂಟ ಎಡಕ್ಕೆ ಓಡಿ ಮೋಸ ಮಾಡುತ್ತದೆ. ಕುಳಿತಾಗ ಎರಡು ಕುಳಿತುಕೊಳ್ಳುವ ಮೂಳೆಗಳೂ ಸಮವಾಗಿ ಒತ್ತಿರುತ್ತವೆ, ಮೋಸವಾದರೆ ಒಂದು ಹಗುರವಾಗುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಎಲ್ಲರಿಗೂ ಕಣ್ಣು ಕೂರುವ ಹೊತ್ತಿನಲ್ಲಿ ನಾನು ಕಂಪ್ಯೂಟರಿನ ಮರೆಯಲ್ಲಿ ಎದೆಯನ್ನು ಒಂದು ಬೆರಳಿನಷ್ಟು ಬಲಕ್ಕೆ, ನಡುವಿಗೆ, ಎಡಕ್ಕೆ ಸರಿಸುತ್ತಿರುತ್ತೇನೆ. ಒಮ್ಮೆ ಪಕ್ಕದ ಮೇಜಿನವರು, ಮೇಡಂ, ಬೆನ್ನು ಹಿಡ್ಕೊಂಡಿದ್ಯಾ ಎಂದು ಕೇಳಿದರು. ಹೌದು ಎಂದೆ, ಸುಳ್ಳೇನೂ ಅಲ್ಲ, ಹಿಂದೊಮ್ಮೆ ಹಿಡಿದುಕೊಂಡಿತ್ತು.

ಎರಡನೆಯ ಮತ್ತು ನಾಲ್ಕನೆಯ ಶನಿವಾರ ಕಚೇರಿಗೆ ರಜೆ. ಅಂದು ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಒಂದೂವರೆ ಗಂಟೆಯ ತರಗತಿ ಮುಗಿಸಿ ಬರುತ್ತೇನೆ. ಸುಮಾರು 65 ಕಿಲೋಮೀಟರ್ ದಾರಿ. ಮಹಿಳೆಯರ ಬೋಗಿಯಲ್ಲಿ ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಕೂರಲು ಜಾಗ ಸಿಗದಿದ್ದರೆ ನನಗೆ ಬೇಸರವಿಲ್ಲ, ಏಕೆಂದರೆ ಮಂಡಿ ಸಡಿಲ ಬಿಟ್ಟು, ಕಂಬಿಯನ್ನು ಎರಡೇ ಬೆರಳಿನಲ್ಲಿ ಹಿಡಿದು ಓಡುವ ರೈಲಿನಲ್ಲಿ ನಿಲ್ಲುವುದು ಸಮತೋಲದ ಉತ್ತಮ ಪಾಠ. ಕಿವಿಯಲ್ಲಿ ಈಜಿಪ್ಟಿನ ತಾಳಗಳನ್ನು ಕೇಳಿಕೊಳ್ಳುತ್ತೇನೆ. ದರ್ಬುಕಾ ಎಂಬ ಚರ್ಮವಾದ್ಯದಲ್ಲಿ ನಡುವಿಗೆ ಬಡಿದರೆ ಗಂಭೀರವಾದ ದುಮ್, ಅಂಚಿಗೆ ಬಡಿದರೆ ತೀಕ್ಷ್ಣವಾದ ತಕ್. ಈಜಿಪ್ಟಿನವರು ಅದನ್ನು ತಬ್ಲಾ ಎಂದೇ ಕರೆಯುತ್ತಾರೆ, ನಮ್ಮ ತಬಲಾ ಬೇರೆ. ಮಕ್ಸೂಮ್ ತಾಳ ಹೀಗಿದೆ: ದುಮ್, ತಕ್, ಬಿಡುವು, ತಕ್, ದುಮ್, ಬಿಡುವು, ತಕ್, ಬಿಡುವು. ಎರಡನೆಯ ಬಡಿತವೂ ದುಮ್ ಆದರೆ ಅದು ಬಲದಿ. ನಾಲ್ಕನೆಯ ಮಾತ್ರೆಯ ತಕ್ ದುಮ್ ಆದರೆ ದಕ್ಷಿಣ ಈಜಿಪ್ಟಿನ ಸಈದಿ. ಎಂಟು ಮಾತ್ರೆಗಳು, ಒಂದೇ ಒಂದು ಬಡಿತ ಬದಲಾದರೆ ಊರೇ ಬದಲಾಗುತ್ತದೆ. ಆದಿತಾಳದ ಎಂಟು ಅಕ್ಷರಗಳಲ್ಲಿ ಬೆಳೆದ ಕಿವಿಗೆ ಎಣಿಕೆ ಕಷ್ಟವಲ್ಲ. ಕಷ್ಟವೆಂದರೆ ಮೂರನೆಯ ಮಾತ್ರೆಯ ಆ ಬಿಡುವನ್ನು ಮೈಯಿಂದಲೂ ಬಿಡುವುದು. ನನ್ನ ಸೊಂಟ ಅಲ್ಲಿ ಏನಾದರೊಂದು ತುಂಬಿಸಲು ಹವಣಿಸುತ್ತದೆ. ನಿಡವಂದದಿಂದ ದೊಡ್ಡಬೆಲೆಯವರೆಗೆ ಬರೀ ದುಮ್ ಬಂದಾಗ ಮಾತ್ರ ಹೆಬ್ಬೆರಳು ಒತ್ತಿ, ಮಿಕ್ಕಾಗ ಸುಮ್ಮನಿರುವುದನ್ನು ರೂಢಿಸಿಕೊಂಡಿದ್ದೇನೆ.

ಹೊಟ್ಟೆಯ ಅಲೆ, ಅಂದರೆ ಬೆಲ್ಲಿ ರೋಲ್, ರಾತ್ರಿಯ ಊಟಕ್ಕೆ ಮೊದಲು, ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ. ಮೇಲುಹೊಟ್ಟೆಯ ಮೇಲೊಂದು, ಕಿಬ್ಬೊಟ್ಟೆಯ ಮೇಲೊಂದು ಬೆಂಕಿಪೊಟ್ಟಣ ಇಟ್ಟುಕೊಂಡು ಮೊದಲು ಮೇಲಿನದು ಇಳಿಯಬೇಕು, ಆಮೇಲೆ ಕೆಳಗಿನದು. ಏಳುವಾಗಲೂ ಅದೇ ಸರದಿ. ಮೊದಲ ನಾಲ್ಕು ತಿಂಗಳು ಎರಡೂ ಒಟ್ಟಿಗೆ ಇಳಿದು ಒಟ್ಟಿಗೆ ಏಳುತ್ತಿದ್ದವು. ಉಸಿರಿನಿಂದ ಹೊಟ್ಟೆ ಉಬ್ಬಿಸುವುದು ಬೇರೆ, ಸ್ನಾಯುವಿನಿಂದ ಸೆಳೆಯುವುದು ಬೇರೆ ಎಂದು ತಿಳಿಯಲು ಅಷ್ಟು ಕಾಲ ಬೇಕಾಯಿತು. ಮುದ್ದೆ ಉಂಡ ಮೇಲೆ ಇದನ್ನು ಯಾರೂ ಮಾಡಬಾರದು. ಬಸುರಿಯರು, ಬೆನ್ನಿನ ಡಿಸ್ಕ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಯಾವ ಸಾಹಸಕ್ಕೂ ಇಳಿಯಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಒಂದನ್ನು ಒಪ್ಪಿಕೊಳ್ಳಬೇಕು. ಅಡುಗೆಮನೆಯಲ್ಲಿ ಹೊಸದನ್ನು ಕಲಿಯಲು ಆಗುವುದಿಲ್ಲ. ಕಲಿತದ್ದನ್ನು ಮಾತ್ರ ತಿದ್ದಿ ತೀಡಲು ಆಗುತ್ತದೆ. ತಪ್ಪನ್ನು ದಿನಕ್ಕೆ ನಾಲ್ಕು ಬಾರಿ ಮಾಡಿದರೆ ಆ ತಪ್ಪೂ ಅಷ್ಟೇ ಚೆನ್ನಾಗಿ ಮೈಗೂಡುತ್ತದೆ. ಕಳೆದ ವರ್ಷ ಮೂರು ತಿಂಗಳು ತರಗತಿಗೆ ಹೋಗಲಾಗದೆ ಮನೆಯಲ್ಲೇ ಮಾಡಿಕೊಂಡಿದ್ದ ಮಾಯಾವನ್ನು ಶಿಕ್ಷಕಿಗೆ ತೋರಿಸಿದಾಗ, ಹಿಮ್ಮಡಿ ಎತ್ತಿ ಮಾಡುವುದನ್ನು ನಾನು ಎಲ್ಲಿಂದ ಕಲಿತೆ ಎಂದು ಕೇಳಿದರು. ಎಲ್ಲಿಂದಲೂ ಅಲ್ಲ, ಪಾತ್ರೆ ತೊಳೆಯುವಾಗಿನ ಹಿಪ್ ಡ್ರಾಪ್‌ನಿಂದ ಸೋರಿ ಬಂದಿತ್ತು. ಅದನ್ನು ಬಿಡಿಸಿಕೊಳ್ಳಲು ಕಲಿತದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ರಾಗಿ ಹಿಟ್ಟಿನ ಡಬ್ಬಕ್ಕೆ ಮೊಬೈಲ್ ಒರಗಿಸಿ ಒಂದು ನಿಮಿಷ ಚಿತ್ರಿಸಿಕೊಂಡು ನೋಡುತ್ತೇನೆ. ನೋಡುವುದು ಸುಖದ ಕೆಲಸವಲ್ಲ. ಕೈಗಳ ವಿನ್ಯಾಸ, ಜಾಗದಿಂದ ಜಾಗಕ್ಕೆ ಸಾಗುವ ನಡೆಗಳು, ವಾದ್ಯದವರು ತಾಳ ಬಿಟ್ಟು ಆಲಾಪಿಸುವಾಗ ನಿಧಾನವಾಗಿ ಅವರ ಜೊತೆಗಿರುವುದು, ಇವು ಯಾವುವೂ ಸಿಂಕಿನ ಮುಂದೆ ಬರುವಂಥವಲ್ಲ. ಅವಕ್ಕೆ ತೆರವಾದ ನೆಲ ಬೇಕು, ನೋಡುವ ಕಣ್ಣು ಬೇಕು.

ಕಳೆದ ಭಾನುವಾರ ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು. ಡ್ರಮ್ಮುಗಳು ತುಂಬುವವರೆಗೆ ಹಿತ್ತಲಿನ ಬಾಗಿಲಲ್ಲಿ ನಿಂತು, ಗೊಂಚಲು ಸಿಕ್ಕಿಸಿಕೊಂಡು, ಎಡಪಕ್ಕದ ಹಿಪ್ ಡ್ರಾಪ್ ಅನ್ನು ಬಲದಿ ತಾಳಕ್ಕೆ ಹೊಂದಿಸುತ್ತಿದ್ದೆ: ದುಮ್, ದುಮ್, ಬಿಡುವು, ತಕ್, ದುಮ್, ಬಿಡುವು, ತಕ್, ಬಿಡುವು. ಐದನೆಯ ಮಾತ್ರೆಯ ದುಮ್‌ನಲ್ಲಿ ಎಡಗಾಲು ತಡವಾಗಿ ಕೀಲಿಗಳು ಸದ್ದು ಮಾಡಲಿಲ್ಲ. ಪಡಸಾಲೆಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ, "ಒಂದೇಟು ತಪ್ತು ನೋಡಮ್ಮ, ಮೊದಲಿಂದ ಮಾಡು" ಎಂದರು.